ಹಿಂದಿನ ಬೆಂಚಿನಲ್ಲಿ ಕುಳಿತ ಅಯ್ಯನವರು

ಕಳೆದ ಬೇಸಿಗೆಯ ಮೊದಲಲ್ಲಿ ಒಂದು ಬೆಳಿಗ್ಗೆ ಕೆಳಗಿನ ಮನೆಯಿಂದ ದ್ರಾಕ್ಷಿ ಕುದಿಯುವ ವಾಸನೆ ಬಂತು. ಚೆನ್ನೈಯಲ್ಲಿ ಪನ್ನೀರ್ ದ್ರಾಕ್ಷಿ ಎನ್ನುತ್ತಾರಲ್ಲ, ಕಪ್ಪಗೆ, ಬೀಜವಿರುವುದು, ಅದು. ಆ ಮನೆಯ ಸೊಸೆ ಶರಬತ್ತಿಗೆಂದು ಕುದಿಸುತ್ತಿದ್ದಳು. ಎರಡು ಲವಂಗವನ್ನೂ ಹಾಕಿದ್ದಿರಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನಾನು ಒದ್ದೆ ಟವೆಲನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ನೀರು ಕಾಲಿನ ಮೇಲೆ ತೊಟ್ಟಿಕ್ಕುತ್ತಿದ್ದದ್ದೂ ತಿಳಿಯಲಿಲ್ಲ. ನಮ್ಮ ಅಯ್ಯನವರ ಅಡುಗೆಮನೆಯಲ್ಲಿ ತಿಂಗಳಿಗೊಂದು ಶನಿವಾರ ಇದೇ ವಾಸನೆ ಇರುತ್ತಿತ್ತು...

ನಮ್ಮ ಸಭೆಯ ಪಾದ್ರಿಗಳನ್ನು ನಾವೆಲ್ಲ ಅಯ್ಯನವರು ಎಂದೇ ಕರೆಯುತ್ತಿದ್ದೆವು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ: ಒಂದು ತುಣುಕು ರೊಟ್ಟಿ, ಪುಟ್ಟ ಲೋಟದಲ್ಲಿ ದ್ರಾಕ್ಷಾರಸ. ದೊಡ್ಡ ಸಭೆಗಳವರು ಅದನ್ನು ಬಾಟಲಿಯಲ್ಲಿ ತರಿಸುತ್ತಿದ್ದರು. ನಮ್ಮದು ಸಣ್ಣ ಸಭೆ. ಹಿಂದಿನ ದಿನ ಮನೆಯಲ್ಲೇ ಕುದಿಸಿ, ಸೋಸಿ, ಆರಿಸಿ ಇಡಬೇಕಿತ್ತು. ಅಯ್ಯನವರ ಹೆಂಡತಿಗೆ ಉಬ್ಬಸ, ಒಲೆಯ ಹಬೆ ಆಗುತ್ತಿರಲಿಲ್ಲ. ಹಾಗಾಗಿ ಅಯ್ಯನವರೇ ಲುಂಗಿಯ ಮೇಲೆ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದರು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಮರುದಿನ ಸತ್ಯವೇದದ ಹಾಳೆ ತಿರುವುವಾಗಲೂ ಆ ಬಣ್ಣ ಪೂರ್ತಿ ಹೋಗಿರುತ್ತಿರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಟಿ. ನಗರದ ಒಂದು ತಮಿಳು ಸಭೆಯವರು ತಮ್ಮ ಚರ್ಚಿನ ಹಿಂದಿನ ಹಾಲನ್ನು ಭಾನುವಾರ ಮಧ್ಯಾಹ್ನ ನಮಗೆ ಬಿಟ್ಟುಕೊಡುತ್ತಿದ್ದರು. ಅವರ ಆರಾಧನೆ ಮುಗಿದು, ಜನ ಊಟಕ್ಕೆ ಹೋದ ಮೇಲೆ ನಮ್ಮ ಕನ್ನಡದ ಆರಾಧನೆ. ಹುಬ್ಬಳ್ಳಿ ಕಡೆಯವರು, ಮಂಗಳೂರಿನವರು, ಕೋಲಾರದವರು, ಮೂರು ನಾಲ್ಕು ಬಗೆಯ ಕನ್ನಡ ಆ ಹಾಲಿನಲ್ಲಿ ಕೇಳುತ್ತಿತ್ತು. ಮಕ್ಕಳು ಮಾತ್ರ ಎಲ್ಲದಕ್ಕೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದರು. ನಾವು ವೆಸ್ಟ್ ಮಾಂಬಲಂನಲ್ಲಿದ್ದೆವು. ನಾನು, ನನ್ನ ಗಂಡ, ಎರಡನೇ ಕ್ಲಾಸಿನ ಮಗಳು ರೈಲ್ವೆ ಸೇತುವೆ ಹತ್ತಿ ಇಳಿದು, ರಂಗನಾಥನ್ ಸ್ಟ್ರೀಟಿನ ಜನಜಂಗುಳಿಯಲ್ಲಿ ನುಗ್ಗಿಕೊಂಡು, ಬೆವರಿ ಒದ್ದೆಯಾಗಿ ಅಲ್ಲಿಗೆ ಮುಟ್ಟುತ್ತಿದ್ದೆವು.

ಅಯ್ಯನವರು ಗದಗಿನ ಕಡೆಯವರು. ಎತ್ತರದ ಆಳು, ಸಣಕಲು ಮೈ, ಗಟ್ಟಿ ಸ್ವರ. ನಾವು ಹೋಗುವ ಹೊತ್ತಿಗೆ ಅವರು ಕುರ್ಚಿಗಳನ್ನೆಲ್ಲ ಸಾಲಾಗಿ ಹಾಕಿ, ತಮಿಳಿನವರು ಬಿಟ್ಟುಹೋದ ಕಾಗದಗಳನ್ನು ಗುಡಿಸಿ ಮುಗಿಸಿರುತ್ತಿದ್ದರು. ಎಂಥ ವಿನಯ ನೋಡಿ ಎಂದು ಹೊಸಬರು ಹೊಗಳುತ್ತಿದ್ದರು. ನನಗೆ ಅವರಲ್ಲಿ ವಿನಯ ಕಂಡಿರಲಿಲ್ಲ, ಭಯವೇ ಹೆಚ್ಚು. ಪ್ರಸಂಗಪೀಠ ಹತ್ತಿದರೆಂದರೆ ಅವರು ಬೇರೆಯೇ ಮನುಷ್ಯ. ಸತ್ಯವೇದವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳನ್ನು ನಮ್ಮ ಕಡೆ ಚಾಚಿ, "ಇದು ಹೇಳತೈತಿ, ನಾ ಅಲ್ಲ," ಎನ್ನುತ್ತಿದ್ದರು. ಆ ಬೆರಳು ತನ್ನ ಕಡೆಗೇ ಇದೆ ಎಂದು ಪ್ರತಿಯೊಬ್ಬರಿಗೂ ಅನಿಸುತ್ತಿತ್ತು.

ಒಂದು ಭಾನುವಾರ ಅದು ನಿಜವಾಗಿಯೂ ನನ್ನ ಕಡೆಗೇ ಇತ್ತು.

ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಮಾಮಿ. ಮದರಾಸಿಗೆ ಬಂದು ಮೂರು ತಲೆಮಾರಾದ ವೈಷ್ಣವ ಮನೆತನದವರು. ಮನೆಯಲ್ಲಿ ಹಳೇ ಮೈಸೂರಿನ ಕನ್ನಡ, ಅದರ ತುಂಬ ತಮಿಳು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು, ಮೊಣಕಾಲು ನೋವು. ಶನಿವಾರ ಬೀದಿಯ ಕೊನೆಯ ಪೆರುಮಾಳ್ ಗುಡಿಗೆ ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮಗ ಸೊಸೆ ಇಬ್ಬರೂ ಬ್ಯಾಂಕಿನಲ್ಲಿ, ಶನಿವಾರವೂ ಅರ್ಧ ದಿನ ಕೆಲಸ. ಹಾಗಾಗಿ ನಾನು ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದೆ. ನಾನು ಒಳಗೆ ಹೋಗುತ್ತಿರಲಿಲ್ಲ. ಅವರೂ ಕರೆಯುತ್ತಿರಲಿಲ್ಲ. ಬಾಗಿಲ ಬಳಿ ಅವರನ್ನು ಪೂಜಾರಿಯ ಹೆಂಡತಿಗೆ ಒಪ್ಪಿಸಿ, ಅವರ ಚಪ್ಪಲಿಯನ್ನು ಪಕ್ಕದಲ್ಲಿಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಹೊರಗೆ ಬಂದಾಗ ಅವರ ಕೈ ನಡುಗುತ್ತದೆಂದು ಪ್ರಸಾದದ ದೊನ್ನೆಯನ್ನು ನಾನೇ ಹಿಡಿದುಕೊಳ್ಳುತ್ತಿದ್ದೆ. ಅಷ್ಟೇ.

ನಮ್ಮ ಸಭೆಯ ಆಡಳಿತ ನೋಡಿಕೊಳ್ಳಲು ಆರಿಸಿದ ಹಿರಿಯರಲ್ಲಿ ಒಬ್ಬರು ರಿಟೈರಾದ ಸ್ಟೇಷನ್ ಮಾಸ್ಟರ್. ಕೆಟ್ಟವರಲ್ಲ, ಆದರೆ ಎಲ್ಲವೂ ಹಳಿಯ ಮೇಲೇ ಇರಬೇಕು ಎನ್ನುವವರು. ತರಕಾರಿಗೆಂದು ಬಂದವರು ಒಂದು ಶನಿವಾರ ನನ್ನನ್ನು ಅಲ್ಲಿ ಕಂಡರು. ದೊನ್ನೆ ಹಿಡಿದು ಗುಡಿಯ ಬಾಗಿಲಲ್ಲಿ ನಿಂತಿದ್ದವಳನ್ನು ಕಂಡರು. ನನ್ನನ್ನು ಮಾತಾಡಿಸಲಿಲ್ಲ. ನೇರ ಹೋಗಿ ಅಯ್ಯನವರಿಗೆ ಹೇಳಿದರು.

ಮರುದಿನ ಪ್ರಸಂಗದ ನಡುವೆ ಅಯ್ಯನವರು ಇದ್ದಕ್ಕಿದ್ದಂತೆ ನಿಲ್ಲಿಸಿ, "ನಮ್ಮ ಮಕ್ಕಳಿಗೆ ವಾಕ್ಯ ಕಲಿಸೋ ಕೈ ಇನ್ನೊಂದು ಬಾಗಿಲದಾಗ ಪ್ರಸಾದ ಹಿಡಿದ್ರ, ಆ ಮಕ್ಕಳು ಏನು ಕಲೀಬೇಕು?" ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಸಂಡೇ ಸ್ಕೂಲಿಗೆ ಟೀಚರುಗಳು ಇದ್ದದ್ದೇ ಇಬ್ಬರು. ಒಬ್ಬರು ಅಯ್ಯನವರ ಹೆಂಡತಿ, ಇನ್ನೊಬ್ಬಳು ನಾನು. ಒಂದೊಂದೇ ಸಾಲಿನಿಂದ ತಲೆಗಳು ನನ್ನತ್ತ ತಿರುಗಿದವು. ಮಗಳು ನನ್ನ ಸೆರಗನ್ನು ಹಿಡಿದುಕೊಂಡಳು.

ಆ ವಾರವೇ ಒಂದು ಚೀಟಿ ಬಂತು. ಸಂಡೇ ಸ್ಕೂಲಿನ ಬೀರುವಿನ ಕೀ ಹಿಂತಿರುಗಿಸಬೇಕು, ಮುಂದೆ ತಿಳಿಸುವವರೆಗೆ ಕರ್ತನ ಭೋಜನದಲ್ಲಿ ಭಾಗವಹಿಸಬಾರದು. ಕೆಳಗೆ ಅಯ್ಯನವರ ಸಹಿ. ನಿಜವೇನೆಂದು ಒಂದು ಮಾತೂ ಕೇಳಿರಲಿಲ್ಲ. ನಾನೂ ಹೋಗಿ ಹೇಳಲಿಲ್ಲ. ಈಗ ಯೋಚಿಸಿದರೆ ಅದೊಂದು ಹಟ. ಕೇಳದವರಿಗೆ ನಾನೇಕೆ ಹೇಳಲಿ ಎಂಬ ಹಟ...

ನನ್ನ ಗಂಡ ಕೀಯನ್ನು ಕವರಿನಲ್ಲಿ ಹಾಕಿ ಕೊಟ್ಟು ಬಂದರು. "ಬೇರೆ ಸಭೆಗೆ ಹೋಗೋಣ, ಊರು ತುಂಬ ಚರ್ಚು ಇವೆ," ಎಂದರು. ಬೇರೆ ಸಭೆಗೂ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆವು. ನನಗೆ ನಿದ್ದೆ ಬರುತ್ತಿರಲಿಲ್ಲ. ಈಗ ಮೊದಲ ಹಾಡು, ಈಗ ಪ್ರಾರ್ಥನೆ ಎಂದು ಫ್ಯಾನು ನೋಡಿಕೊಂಡು ಲೆಕ್ಕ ಹಾಕುತ್ತಿದ್ದೆ. ಹೀಗೆ ಮೂರು ತಿಂಗಳು, ಮೂರು ಕರ್ತನ ಭೋಜನ ಕಳೆದವು. ಶನಿವಾರ ಮಾಮಿಯನ್ನು ನಡೆಸಿಕೊಂಡು ಹೋಗುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮಾಮಿಗೆ ಗುಮಾನಿ ಬಂದಿತ್ತು. "ಏಂಡಿ, ಭಾನುವಾರ ಮನೇಲೇ ಇರ್ತೀಯ, ಜಪಕ್ಕೆ ಹೋಗ್ತಿಲ್ವಾ?" ಎಂದು ಎರಡು ಸಲ ಕೇಳಿದರು. ತಲೆನೋವು ಎಂದೆ. ಕೊನೆಗೆ ನನ್ನ ಗಂಡ ಮೆಟ್ಟಿಲ ಮೇಲೆ ಅವರ ಮಗನ ಹತ್ತಿರ ಎಲ್ಲ ಹೇಳಿಬಿಟ್ಟರು. ಮುಂದಿನ ಭಾನುವಾರ ಮಾಮಿ ನನಗೆ ಒಂದು ಮಾತೂ ತಿಳಿಸದೆ, ಮಗನನ್ನು ಹೊರಡಿಸಿಕೊಂಡು, ಆಟೋದಲ್ಲಿ ಟಿ. ನಗರಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅಯ್ಯನವರ ಹೆಂಡತಿ ನನಗೆ ಹೇಳಿದರು.

ಆರಾಧನೆ ಮುಗಿದು ಜನ ಬಾಗಿಲ ಬಳಿ ಮಾತಾಡುತ್ತಾ ನಿಂತಿದ್ದರಂತೆ. ಒಂಬತ್ತು ಗಜದ ಸೀರೆಯುಟ್ಟ ಮುದುಕಿ ಮಗನ ತೋಳು ಹಿಡಿದು ಒಳಗೆ ಬಂದರು. ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಟ್ಟರು.

"ಸ್ವಾಮಿ, ನೀವೇನಾ ಇಲ್ಲಿ ದೊಡ್ಡವರು?"

"ಹೌದ್ರಿ ಅಮ್ಮ. ಕೂಡ್ರಿ," ಎಂದು ಅಯ್ಯನವರು ಕುರ್ಚಿ ಎಳೆದರು.

"ಕೂತ್ರೆ ಏಳೋಕೆ ಆಗಲ್ಲ. ನಿಂತೇ ಹೇಳ್ತೀನಿ. ನಮ್ಮ ಪಕ್ಕದ ಮನೆ ಹುಡುಗೀನ ನೀವು ಬೇಡ ಅಂದ್ರಂತೆ. ನಾನು ಕುರುಡಿ, ಅವಳು ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾಳೆ. ಇಷ್ಟು ವರ್ಷದಲ್ಲಿ ಒಂದು ದಿವಸ ಒಳಗೆ ಕಾಲಿಟ್ಟಿಲ್ಲ. ಗುಡಿ ವಾಸಲ್ ಹತ್ರ, ಹೊರಗೇ, ನನ್ನ ಚಪ್ಪಲಿ ಕಾಯ್ಕೊಂಡು ಕೂತಿರ್ತಾಳೆ. ನೀವು ಅವಳನ್ನ ಕೇಳಿದ್ರಾ?"

ಅಯ್ಯನವರು ಎಳೆದ ಕುರ್ಚಿಯನ್ನು ಮತ್ತೆ ಸಾಲಿಗೆ ಸೇರಿಸಿದರು.

"ಕೇಳಿದ್ರಾ ಅಂತ ಕೇಳ್ದೆ," ಎಂದರಂತೆ ಮಾಮಿ.

"ಇಲ್ರಿ. ಕೇಳಲಿಲ್ಲ."

"ಅಷ್ಟೇ. ಅದನ್ನ ತಿಳ್ಕೊಂಡು ಹೋಗೋಣಾಂತ ಬಂದೆ," ಎಂದು ಮಾಮಿ ಮಗನ ತೋಳು ಹಿಡಿದು ತಿರುಗಿದರು. ಅಯ್ಯನವರು ಹೊಸ್ತಿಲವರೆಗೆ ಬಂದು, ಬಗ್ಗಿ, ಅವರ ಚಪ್ಪಲಿಯನ್ನು ಕಾಲಿಗೆ ಸರಿಯಾಗಿ ತಿರುಗಿಸಿಟ್ಟರಂತೆ.

ಮರುದಿನ ಸಂಜೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಅಯ್ಯನವರು ಒಬ್ಬರೇ ಬಂದಿದ್ದರು. ಹಿರಿಯರು ಯಾರೂ ಜೊತೆಗಿರಲಿಲ್ಲ, ಕೈಯಲ್ಲಿ ಸತ್ಯವೇದವೂ ಇರಲಿಲ್ಲ. ನನ್ನ ಗಂಡ ಕೂತ ಕಡೆಯಿಂದ ಏಳಲಿಲ್ಲ, ಬನ್ನಿ ಎನ್ನಲೂ ಇಲ್ಲ. ಅಯ್ಯನವರು ಬಾಗಿಲ ಒಳಗೆ ಎರಡು ಹೆಜ್ಜೆ ಇಟ್ಟು ನಿಂತರು.

"ಮೂರು ತಿಂಗಳ ಹಿಂದ ಬರಬೇಕಿತ್ರಿ ನಾ," ಎಂದರು. "ಯಾರದರ ತಪ್ಪು ಕಂಡ್ರ ಮೊದಲ ಒಬ್ಬನ ಹೋಗಿ ಅವರ ಜೋಡಿ ಮಾತಾಡು ಅಂತ ನಮ್ಮ ಕರ್ತ ಹೇಳ್ಯಾನ. ವರ್ಷಕ್ಕೊಮ್ಮೆ ಅದರ ಮ್ಯಾಲ ಪ್ರಸಂಗ ಮಾಡತೇನಿ. ನಿಮ್ಮ ವಿಷಯದಾಗ ಮಾಡಲಿಲ್ಲ. ಕೇಳಿದ ಮಾತು ನಂಬಿ ಮಂದಿ ಮುಂದ ಆಡಿದೆ. ತಪ್ಪಾತು."

ಮೂರು ತಿಂಗಳು ಮನಸ್ಸಿನಲ್ಲೇ ಇವರೊಂದಿಗೆ ಜಗಳವಾಡಿದ್ದೆ, ಎಷ್ಟೊಂದು ಮಾತು ಹೊಸೆದು ಇಟ್ಟಿದ್ದೆ. ಅವರು ನಿಂತ ರೀತಿ ನೋಡಿದರೆ ಅದರಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಕೂತ್ಕೊಳ್ಳಿ ಅಯ್ಯನವರೇ," ಎಂದೆ, ಅಷ್ಟೇ.

ಅವರು ಕೂರಲಿಲ್ಲ. "ಬರೋ ಭಾನುವಾರ ಸಭಾದ ಮುಂದ ಹೇಳಬೇಕಂತ ಮಾಡೇನಿ. ನಿಮ್ಮ ಹೆಸರು ಬ್ಯಾಡ ಅಂದ್ರ ತರೂದಿಲ್ಲ. ಆದ್ರ ನನ್ನ ತಪ್ಪು ಹೇಳಾಕ ಬೇಕ್ರಿ."

"ಆವತ್ತು ಹೆಸರಿಲ್ಲದೇನೇ ಎಲ್ಲರಿಗೂ ಗೊತ್ತಾಯ್ತು," ಎಂದೆ. "ಈಗ ಹೆಸರು ಹೇಳಿಯೇ ಹೇಳಿ."

ಆಗ ನನ್ನ ಗಂಡ ಎದ್ದು ಹೋಗಿ ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟರು.

ಆ ಭಾನುವಾರ ಹಾಲಿನಲ್ಲಿ ಎಲ್ಲರೂ ಇದ್ದರು. ಸುದ್ದಿ ಹರಡಿತ್ತು. ಅಯ್ಯನವರು ಪ್ರಸಂಗಪೀಠಕ್ಕೆ ಹತ್ತಲಿಲ್ಲ. ಕೆಳಗೆ, ಮೊದಲ ಸಾಲಿನ ಮುಂದೆ, ನೆಲದ ಮೇಲೇ ನಿಂತರು. ಸತ್ಯವೇದ ತೆರೆದು, ಮೊದಲು ಒಬ್ಬನೇ ಹೋಗಿ ಮಾತಾಡು ಎಂಬ ಆ ಭಾಗವನ್ನು ಪೂರ್ತಿ ಓದಿದರು. ಈ ಸಲ ಬೆರಳು ಚಾಚಲಿಲ್ಲ.

"ಇದು ಹೇಳತೈತಿ ಅಂತ ನಿಮಗೆಲ್ಲಾ ಇಷ್ಟು ವರ್ಷ ಹೇಳೇನಿ," ಎಂದರು. "ನನಗ ಹೇಳಿದಾಗ ನಾ ಕೇಳಲಿಲ್ಲ." ಆಮೇಲೆ ನನ್ನ ಹೆಸರು ಹಿಡಿದು, ನಾನು ಏನು ಮಾಡಿದ್ದೆ, ಏನು ಮಾಡಿರಲಿಲ್ಲ ಎಂಬುದನ್ನು ಒಂದೊಂದಾಗಿ ಹೇಳಿದರು. ಯಾರು ತಿಳಿಸಿದರು ಎಂಬುದನ್ನು ಮಾತ್ರ ಹೇಳಲಿಲ್ಲ. ಸ್ಟೇಷನ್ ಮಾಸ್ಟರ್ ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಯ್ಯನವರ ಕಣ್ಣು ಒಮ್ಮೆಯೂ ಅವರತ್ತ ಹೋಗಲಿಲ್ಲ. ಅದನ್ನು ನಾನು ಗಮನಿಸಿದೆ. "ಕೇಳಿದ್ದು ಯಾರ ಬಾಯಿಂದರ ಇರಲಿ, ಆಡಿದ್ದು ನನ್ನ ಬಾಯಿ. ಅಕ್ಕಾರ, ನನ್ನ ಕ್ಷಮಿಸ್ರಿ," ಎಂದು ಕೈ ಮುಗಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ಅಕ್ಕಾ ಎಂದರು.

ನಾನು ಎದ್ದು ನಿಂತೆ. "ಕ್ಷಮಿಸಿದೀನಿ ಅಯ್ಯನವರೇ," ಎಂದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಇವರನ್ನು ಮೂರು ಸಲ ಭೋಜನದಿಂದ ದೂರ ಇಟ್ಟೆ, ತಪ್ಪಿಲ್ಲದವರನ್ನು ಇಟ್ಟೆ, ತಪ್ಪು ಮಾಡಿದವನಿಗೆ ಅಷ್ಟಾದರೂ ಇರಬೇಕಲ್ಲ ಎಂದರು ಅಯ್ಯನವರು. ಮೂರು ತಿಂಗಳು ತಾನೂ ಭೋಜನದಲ್ಲಿ ಭಾಗವಹಿಸುವುದಿಲ್ಲ, ಪ್ರಸಂಗಪೀಠ ಹತ್ತುವುದಿಲ್ಲ, ತಮಿಳು ಸಭೆಯಲ್ಲಿ ಕನ್ನಡ ಬಲ್ಲ ಪಾಸ್ಟರ್ ಒಬ್ಬರಿದ್ದಾರೆ, ಅವರು ನಡೆಸಿಕೊಡಲು ಒಪ್ಪಿದ್ದಾರೆ ಎಂದರು.

ಆರಾಧನೆ ಮುಗಿದದ್ದೇ ಸ್ಟೇಷನ್ ಮಾಸ್ಟರ್ ಅಯ್ಯನವರ ಬಳಿ ಹೋದರು. ಅವರ ಮುಖ ಕೆಂಪಗಾಗಿತ್ತು.

"ಅಯ್ಯನವರೇ, ಇದನ್ನ ಕಮಿಟಿಯಲ್ಲೇ ಮುಗಿಸಬಹುದಿತ್ತು. ಇಷ್ಟು ಜನರ ಮುಂದೆ ಬೇಕಿರಲಿಲ್ಲ."

"ಮಂದಿ ಮುಂದ ಬೈದು ಒಳಗ ಕುಂತು ಕ್ಷಮಾ ಕೇಳಿದ್ರ ಹೆಂಗ್ರಿ?"

"ನಾಳೆ ನಿಮ್ಮ ಮಾತನ್ನ ಯಾರು ಕೇಳ್ತಾರೆ?"

"ನನ್ನ ಮಾತು ಕೇಳೂದು ಬ್ಯಾಡ," ಎಂದರು ಅಯ್ಯನವರು, ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಾ. "ಪುಸ್ತಕದ್ದು ಕೇಳಿದ್ರ ಸಾಕ್ರಿ. ಅದು ನನ್ನ ಕೈಯಾಗಿನ ಬಡಿಗಿ ಅಂತ ತಿಳಕೊಂಡಿದ್ದೆ. ನನ್ನ ತಲಿ ಮ್ಯಾಲೂ ಅದು ಐತಿ ಅನ್ನೂದನ್ನ ಮರತಿದ್ದೆ."

ಸ್ಟೇಷನ್ ಮಾಸ್ಟರ್ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಎರಡು ಕುಟುಂಬಗಳು ಸಭೆ ಬಿಟ್ಟವು. ತಾನೇ ತಪ್ಪುವ ಪಾದ್ರಿ ನಮಗೇನು ದಾರಿ ತೋರಿಸುತ್ತಾನೆ ಎಂದರಂತೆ. ಆ ಮೂರು ತಿಂಗಳು ಅಯ್ಯನವರು ಹಾಲಿನ ಕೊನೆಯಲ್ಲಿದ್ದ ಮರದ ಬೆಂಚಿನ ಮೇಲೆ, ತಡವಾಗಿ ಬಂದವರ ಜೊತೆ ಕೂರುತ್ತಿದ್ದರು. ಹಾಡಿನ ಪುಸ್ತಕ ಇಲ್ಲದವರಿಗೆ ತಮ್ಮದನ್ನು ಕೊಡುತ್ತಿದ್ದರು. ಆದರೆ ಭೋಜನದ ಹಿಂದಿನ ದಿನ ದ್ರಾಕ್ಷಿ ಕುದಿಸುವುದನ್ನು ಮಾತ್ರ ಬಿಡಲಿಲ್ಲ. ಆ ಕೆಲಸಕ್ಕೆ ಬೇರೆ ಯಾರಿದ್ದರು? ತಾವು ಕುಡಿಯದ ರಸವನ್ನು ತಾವೇ ಹಿಂಡಿ, ಸೋಸಿ, ಲೋಟಗಳಿಗೆ ತುಂಬಿಸಿಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದರು. ಮೊದಲ ಸಲ ಆ ಲೋಟ ನನ್ನ ಕೈಗೆ ಬಂದಾಗ ನನ್ನಿಂದ ಕುಡಿಯಲಾಗಲಿಲ್ಲ. ತಿರುಗಿ ನೋಡಿದೆ. ಅಯ್ಯನವರು ಕುಡಿ ಎಂಬಂತೆ ತಲೆಯಾಡಿಸಿದರು.

ಅದೇ ದಿನಗಳಲ್ಲಿ ನನ್ನ ಮಗಳಿಗೆ ಸೀತಾಳೆ ಸಿಡುಬು ಎದ್ದಿತು. ಮನೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಈ ಶನಿವಾರ ಬರಲಾಗದು ಎಂದು ಮಾಮಿಗೆ ಹೇಳಿ ಕಳಿಸಿದೆ. ಮಗುವಿಗಾಗಿ ಪ್ರಾರ್ಥನೆ ಮಾಡಲು ಬಂದಿದ್ದ ಅಯ್ಯನವರ ಕಿವಿಗೂ ಅದು ಬಿತ್ತು. ಶನಿವಾರ ಬೆಳಿಗ್ಗೆ ಬಾಲ್ಕನಿಯಿಂದ ನೋಡುತ್ತೇನೆ, ಅಯ್ಯನವರು ಮಾಮಿಯ ಕೈ ಹಿಡಿದು ಬೀದಿಯಲ್ಲಿ ನಡೆಯುತ್ತಿದ್ದಾರೆ. ಎತ್ತರದ ಮನುಷ್ಯ ಗಿಡ್ಡ ಮುದುಕಿಗಾಗಿ ಬಗ್ಗಿ, ಹೆಜ್ಜೆಗೊಮ್ಮೆ ನಿಂತು, ಹಳ್ಳ ಇದ್ದಲ್ಲಿ ಎಚ್ಚರ ಹೇಳುತ್ತಾ ಹೋಗುತ್ತಿದ್ದರು. ಗುಡಿಯ ಹೊರಗೆ ನಾನು ಕೂರುತ್ತಿದ್ದ ಕಟ್ಟೆಯ ಮೇಲೇ ಕೂತು ಚಪ್ಪಲಿ ಕಾದರಂತೆ.

"ನಿಮ್ಮ ಜನ ನೋಡಿದ್ರೆ ಏನಂತಾರೆ ಸ್ವಾಮಿ ಅಂತ ಕೇಳ್ದೆ," ಎಂದು ಮಾಮಿ ಆಮೇಲೆ ನನಗೆ ಹೇಳಿದರು. "ಕೇಳಿದ್ರ ಹೇಳತೇನ್ರಿ, ಕೇಳದಿದ್ರ ಬಿಡಲಿ ಅಂದ್ರು. ಒಳ್ಳೆ ಮನುಷ್ಯಂಡಿ. ನಡಿಗೆ ಮಾತ್ರ ಬಹಳ ಜೋರು, ಎರಡು ಸಲ ಮೆಲ್ಲಗೆ ಅಂದೆ."

ಅಯ್ಯನವರ ನಂಬಿಕೆ ಇದರಿಂದ ಸಡಿಲವಾಯಿತು ಎಂದು ಯಾರೂ ತಿಳಿಯಬಾರದು. ಅವರು ಒಳಗೆ ಕಾಲಿಡಲಿಲ್ಲ, ಸತ್ಯವೇದದ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ಮಾಮಿಯೂ ತಮ್ಮ ಪೆರುಮಾಳನ್ನು ಬಿಟ್ಟುಕೊಡಲಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬೀದಿ ದಾಟಿದರು. ಅದಕ್ಕಿಂತ ಹೆಚ್ಚಿನದನ್ನು ನಾನು ಅದರಲ್ಲಿ ಹುಡುಕಿಲ್ಲ.

ಆ ಶನಿವಾರವೂ ಸ್ಟೇಷನ್ ಮಾಸ್ಟರ್ ತರಕಾರಿಗೆ ಬಂದಿದ್ದರು, ಎಲ್ಲವನ್ನೂ ನೋಡಿದರು. ಈ ಸಲ ಯಾರಿಗೂ ಹೇಳಲಿಲ್ಲ. ಎರಡು ವಾರದ ನಂತರ ನಮ್ಮ ಮನೆಗೆ ಬಂದು, ಸಂಡೇ ಸ್ಕೂಲಿನ ಬೀರುವಿನ ಕೀಯನ್ನು ಟೀಪಾಯಿಯ ಮೇಲಿಟ್ಟು, "ಮಕ್ಕಳು ನಿಮ್ಮನ್ನೇ ಕೇಳ್ತಿದಾರೆ," ಎಂದರು. ಕಾಫಿ ಕುಡಿದರು. ಹೋಗುವಾಗ ಬಾಗಿಲ ಬಳಿ ನಿಂತು, "ನಾನೂ ಒಂದು ಮಾತು ನಿಮ್ಮನ್ನ ಕೇಳಬೇಕಿತ್ತು, ಅಮ್ಮ," ಎಂದರು. ಅವರ ಸ್ವಭಾವಕ್ಕೆ ಅದು ಬಹಳ ದೊಡ್ಡ ಮಾತು.

ಮೂರು ತಿಂಗಳು ಕಳೆದು ಅಯ್ಯನವರು ಮತ್ತೆ ಪ್ರಸಂಗಪೀಠ ಹತ್ತಿದಾಗ ಸ್ವರ ಮೊದಲಿನಷ್ಟೇ ಗಟ್ಟಿಯಾಗಿತ್ತು. ಮೊದಲು ಭಯಪಟ್ಟು ಕೇಳುತ್ತಿದ್ದವಳು ಈಗ ನಂಬಿ ಕೇಳತೊಡಗಿದೆ. ನನ್ನಂತೆ ಇನ್ನೂ ಹಲವರು. ಮನೆಯ ಜಗಳ, ಮಕ್ಕಳ ತಪ್ಪು, ಯಾರಿಗೂ ಹೇಳಲಾಗದ್ದನ್ನು ಜನ ಅವರ ಹತ್ತಿರ ಹೇಳಿಕೊಳ್ಳಲು ಶುರು ಮಾಡಿದರು. ಸೋತವರಿಗೆ ಅವರ ಮುಂದೆ ನಾಚಿಕೆಯಾಗುತ್ತಿರಲಿಲ್ಲ.

ಮಾಮಿ ಎರಡು ವರ್ಷದ ನಂತರ ಹೋದರು. ಎರಡು ಸಾವಿರದ ಐದಾರರ ಹೊತ್ತಿಗೆ ಅಯ್ಯನವರು ರಿಟೈರಾಗಿ ಊರಿಗೆ ಮರಳಿದರು. ಕೆಲವು ಕಾಲ ಫೋನು ಮಾಡುತ್ತಿದ್ದರು, ಮಗಳ ಓದು ಕೇಳುತ್ತಿದ್ದರು. ಆಮೇಲೆ ಫೋನು ಕಡಿಮೆಯಾಯಿತು... ನಾನೇ ಮಾಡಬಹುದಿತ್ತು. ನಾಳೆ ಮಾಡೋಣ ಎಂದು ಬಿಟ್ಟ ನಾಳೆಗಳು ಎಷ್ಟೋ. ಒಂದು ದಿನ ಅವರ ಮಗ ಫೋನು ಮಾಡಿ, ಅಪ್ಪ ತೀರಿಕೊಂಡು ಹದಿನೈದು ದಿನವಾಯಿತು, ನಂಬರುಗಳಿದ್ದ ಪುಸ್ತಕ ಈಗ ಸಿಕ್ಕಿತು ಎಂದರು. ಮಣ್ಣಿಗೂ ಹೋಗಲಾಗಲಿಲ್ಲ. ಆ ಸಂಜೆ ನೀವು ನಮ್ಮ ಬಾಗಿಲಿಗೆ ಬರದಿದ್ದರೆ ನಾನು ಸಭೆ ಎಂಬುದನ್ನೇ ಬಿಟ್ಟುಬಿಡುತ್ತಿದ್ದೆ ಎಂದು ಅವರಿಗೆ ಹೇಳಬೇಕೆಂದಿದ್ದೆ. ಹೇಳಲೇ ಇಲ್ಲ.

ನಮ್ಮ ಸಭೆ ಈಗ ಇನ್ನೂ ಸಣ್ಣದಾಗಿದೆ. ಕನ್ನಡ ಆರಾಧನೆ ತಿಂಗಳಿಗೆರಡೇ ಸಲ. ಸ್ಟೇಷನ್ ಮಾಸ್ಟರ್ ಇಲ್ಲ, ನನ್ನ ಗಂಡನೂ ಇಲ್ಲ. ನನ್ನನ್ನು ಹಿರಿಯರಲ್ಲಿ ಒಬ್ಬಳಾಗಿ ಆರಿಸಿದ್ದಾರೆ. ಹೋದ ತಿಂಗಳು ಹಾಡಿನ ಗುಂಪಿನ ಒಬ್ಬ ಹುಡುಗಿಯ ಬಗ್ಗೆ ಏನೋ ದೂರು ಬಂತು. ಗುಂಪಿನಿಂದ ತೆಗೆದು ಒಂದು ಮೆಸೇಜು ಕಳಿಸಿಬಿಡೋಣ ಎಂದರು ಉಳಿದವರು. ಒಂದು ವಾರ ಕೊಡಿ ಎಂದೆ. ಎರಡು ಬಸ್ಸು ಬದಲಿಸಿ, ಶೋಳಿಂಗನಲ್ಲೂರಿನಲ್ಲಿ ಅವಳ ಮನೆ ಹುಡುಕಿಕೊಂಡು ಒಬ್ಬಳೇ ಹೋದೆ. ಬಾಗಿಲು ತೆರೆದವಳು ಗಾಬರಿಯಾದಳು. ಒಂದು ಗಂಟೆ ಮಾತಾಡಿದೆವು. ದೂರಿನಲ್ಲಿ ಅರ್ಧ ಸುಳ್ಳು. ಉಳಿದ ಅರ್ಧಕ್ಕೆ ಅವಳು ಅತ್ತಳು, ನಾನು ಪಕ್ಕದಲ್ಲಿ ಕೂತೆ.

ಹೊರಡುವಾಗ ಬಸ್‌ಸ್ಟಾಪಿನವರೆಗೂ ಬಂದಳು. "ಆಂಟಿ, ಈ ಬಿಸಿಲಲ್ಲಿ ಇಷ್ಟು ದೂರ ಯಾಕೆ ಬಂದ್ರಿ? ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ," ಎಂದಳು.

"ನಮ್ಮ ಸಭೆಯಲ್ಲಿ ಹೀಗೇ ಅಭ್ಯಾಸ," ಎಂದೆ.

ಯಾರು ಹಾಕಿಕೊಟ್ಟ ಅಭ್ಯಾಸ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅಯ್ಯನವರನ್ನು ಕಂಡವರು ಈಗ ಸಭೆಯಲ್ಲಿ ನಾನೂ ಸೇರಿ ಮೂವರೇ. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿ. ನಗರ ಬರುವವರೆಗೂ ನಾನು ಅವರಿಗೆ ಹೇಳದೇ ಉಳಿದ ಮಾತನ್ನು ಒಳಗೊಳಗೇ ಹೇಳುತ್ತಿದ್ದೆ.